ಇಂಟರ್‌ವ್ಯೂಗೆ ಹೊರಟ ಸೋಪು

ಕಳೆದ ಗುರುವಾರ ನಾನು ಹಿರಿಯರೊಬ್ಬರಿಗೆ ಸುಳ್ಳು ಹೇಳೋದನ್ನ ಕಲಿಸಲು ಕೂತಿದ್ದೆ. ಅದೂ ರಾಯರ ಪೂಜೆ ಮುಗಿಸಿ. ಮಂಗಳಾರತಿ ಇನ್ನೂ ಆರಿರಲಿಲ್ಲ!

ಶಿಷ್ಯೆ ಯಾರು ಅಂತೀರಾ? ಇಲ್ಲಿ ಅಮೆರಿಕದ ಪಾರ್ಸಿಪನಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ರೋಸಾ ಆಂಟಿ. ಅರವತ್ತು ದಾಟಿದ ಯಹೂದಿ ಹೆಂಗಸು, ಸೋವಿಯತ್ ದೇಶದಿಂದ ಬಂದವರು. ಮರುದಿನ ಅವರ ಸಿಟಿಜನ್‌ಶಿಪ್ ಇಂಟರ್‌ವ್ಯೂ. ಫಾರ್ಮಿನಲ್ಲೊಂದು ಪ್ರಶ್ನೆ: ನಿಮ್ಮನ್ನು ಎಂದಾದರೂ ಅರೆಸ್ಟ್ ಮಾಡಿದ್ದಾರೆಯೇ?

"ಇಲ್ಲ ಅಂದ್ಬಿಡಿ ಆಂಟಿ. ಅರೆಸ್ಟ್ ಮಾಡಿದ ದೇಶವೇ ಈಗಿಲ್ಲ. ಚಾಡಿ ಹೇಳೋಕೆ ಯಾರು ಬರ್ತಾರೆ?"

ಅವರ ಘೋರ ಅಪರಾಧ ಕೇಳಿ. ದೇಶ ಬಿಟ್ಟು ಹೋಗಲು ಅನುಮತಿ ಕೊಡಿ ಅಂತ ಅರ್ಜಿ ಹಾಕಿದರು. ಅನುಮತಿ ಸಿಗಲಿಲ್ಲ, ಇದ್ದ ಇಂಜಿನಿಯರ್ ಕೆಲಸ ಹೋಯಿತು. ಆಮೇಲೆ "ಕೆಲಸ ಮಾಡದೆ ಸಮಾಜಕ್ಕೆ ಭಾರವಾಗಿದ್ದೀಯ" ಅಂತ ಅರೆಸ್ಟ್! ಎಷ್ಟು ಅಚ್ಚುಕಟ್ಟಾದ ಸರ್ಕಾರ ನೋಡಿ. ನೀವು ನಮ್ಮವರಲ್ಲ ಅಂತ ದಿನಾ ಹಂಗಿಸೋದು. ಸರಿ, ಹೊರಡ್ತೀವಿ ಅಂದರೆ ಬಾಗಿಲಿಗೆ ಅಡ್ಡ ನಿಲ್ಲೋದು. (ಕೆಲಸಕ್ಕೆ ಹೋಗುವಂತಿಲ್ಲದ ಡಿಪೆಂಡೆಂಟ್ ವೀಸಾದಲ್ಲಿ ಮನೆಯಲ್ಲೇ ಕೂತಿರುವ ನಾನು ಅಲ್ಲಿದ್ದಿದ್ದರೆ? ಜೀವಾವಧಿಯೇ. ದೇವರು ದೊಡ್ಡವನು.)

ಅರ್ಜಿ ಕೊಟ್ಟ ಕಚೇರಿಯ ಕೌಂಟರಿನವಳದು ಒಂಬತ್ತು ವರ್ಷ ಒಂದೇ ಮಾತು: "ನಿರಾಕರಿಸಲಾಗಿದೆ." ಯಾಕೆ? "ನಿರಾಕರಿಸಲಾಗಿದೆ." ಬರೆದಾದರೂ ಕೊಡಿ? ಅದನ್ನೂ ನಿರಾಕರಿಸಲಾಗಿದೆ.

ಕೊನೆಗೆ ಇವರನ್ನು ಬಿಟ್ಟರು, ಇವರ ತಾಯಿಯನ್ನು ಬಿಡಲಿಲ್ಲ. ತಾಯಿ ಅಲ್ಲೇ ತೀರಿಕೊಂಡರು. ಆ ಸಮಾಧಿಯ ಮೇಲೆ ಒಂದು ಪುಟ್ಟ ಕಲ್ಲು ಇಟ್ಟು ಬರಬೇಕು ಅಂತ ಆಂಟಿಯ ಆಸೆ, ಅದು ಯಹೂದಿಗಳಲ್ಲಿ ಪದ್ಧತಿ. "ಆದರೆ ಅಮೆರಿಕನ್ ಪಾಸ್‌ಪೋರ್ಟ್ ಇಲ್ಲದೆ ಅಲ್ಲಿಗೆ ಕಾಲಿಡಲ್ಲ. ಮತ್ತೆ ಒಳಗೇ ಇಟ್ಟುಕೊಂಡರೆ?"

"ಅದಕ್ಕೇ ಹೇಳ್ತಿರೋದು, ಇಲ್ಲ ಅನ್ನಿ!"

ಆಂಟಿ ನನ್ನ ಕೈ ತಟ್ಟಿದರು. "ಸುಮಾ, ದಿನಾ ಒಂದು ಗಂಟೆ ಪ್ರಾರ್ಥನೆ ಮಾಡ್ತೀಯಲ್ಲ, ನಿನ್ನ ದೇವರಿಗೆ ಇಂಗ್ಲಿಷ್ ಫಾರ್ಮ್ ಓದೋಕೆ ಬರಲ್ವಾ?"

ನಾನು ಕಾಫಿ ನೆಪ ಮಾಡಿ ಎದ್ದೆ.

ಶುಕ್ರವಾರ ನ್ಯೂವರ್ಕಿನ ಇಮಿಗ್ರೇಷನ್ ಆಫೀಸಿಗೆ ನಾನೇ ಡ್ರೈವ್ ಮಾಡಿದೆ. (ನಮ್ಮನೆಯವರಿಗೆ ವೈಟುಕೆ ಕೆಲಸ, ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ಕೈಕೊಡದಂತೆ ನೋಡಿಕೊಳ್ಳೋದು. ಜಗತ್ತು ಉಳಿಸುತ್ತಿದ್ದಾರೆ, ಬಿಡುವಿಲ್ಲ.) ಆಂಟಿಯ ಬ್ಯಾಗಿನಲ್ಲಿ ಉಣ್ಣೆಯ ಕಾಲುಚೀಲ, ಬ್ರೆಡ್ಡು, ಸೋಪು. ಇಂಟರ್‌ವ್ಯೂಗೆ ಸೋಪು ಯಾಕೆ?

"ಸರ್ಕಾರಿ ಆಫೀಸಿಗೆ ಹೋದವರು ಸಂಜೆಗೆ ಮನೆಗೆ ಬರ್ತಾರೆ ಅಂತ ಏನು ಗ್ಯಾರಂಟಿ? ಅಭ್ಯಾಸ."

ನಾನೇನು ಮಾಡಲಿ? ಮಂತ್ರಾಕ್ಷತೆಯ ಪೊಟ್ಟಣವನ್ನು ಸೋಪಿನ ಪಕ್ಕ ತುರುಕಿದೆ.

ಒಂದು ಗಂಟೆ ಬಿಟ್ಟು ಆಂಟಿ ಹೊರಬಂದರು. "ಹೌದು" ಅಂದೇಬಿಟ್ಟಿದ್ದರು. ಆಫೀಸರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದನಂತೆ. ಕೇಳಿ, ಇವತ್ತು ಆಗಲ್ಲ, ಆ ಕೋರ್ಟಿನ ಕಾಗದ ತನ್ನಿ, ಸಿಗದಿದ್ದರೆ ನಡೆದದ್ದನ್ನು ಬರೆದು ಸಹಿ ಮಾಡಿ ಕಳಿಸಿ, ಆಮೇಲೆ ತೀರ್ಮಾನ ಅಂದನಂತೆ. ಇಲ್ಲದ ದೇಶದ ಕಾಗದ! ನನಗೆ ಮೈ ಉರಿಯಿತು.

"ನೋಡಿದ್ರಾ? ನನ್ನ ಮಾತು ಕೇಳಿದ್ದರೆ..."

ಆಂಟಿ ನಗುತ್ತಿದ್ದರು. ಹಾಳೆಯೊಂದನ್ನು ನನ್ನ ಮೂಗಿನ ಮುಂದೆ ಹಿಡಿದರು. "ಓದು! ಯಾಕೆ ಕಾಯಬೇಕು ಅಂತ ಬರೆದು ಕೊಟ್ಟಿದ್ದಾನೆ. ಕೆಳಗೆ ತನ್ನ ಹೆಸರು ಕೂಡ ಹಾಕಿದ್ದಾನೆ!"

ದಾರಿಯುದ್ದಕ್ಕೂ ಅದನ್ನೇ ಓದಿ ಹೇಳಿದರು, ಮದುವೆ ಕರೆಯೋಲೆಯ ಹಾಗೆ. ಆಂಟಿ ನಡೆದದ್ದನ್ನೆಲ್ಲ ಬರೆದ ಪತ್ರ ಈಗ ನಮ್ಮ ರಾಯರ ಫೋಟೋ ಮುಂದಿದೆ. ಸೋಮವಾರ ಪೋಸ್ಟ್ ಮಾಡಬೇಕು. ಒಂದಕ್ಷರ ಸುಳ್ಳಿಲ್ಲ, ನಾನೇ ಓದಿದ್ದೇನೆ.

ಆ ಶುಕ್ರವಾರ ಸಂಜೆ ನಮ್ಮನೆಯವರು ಬಂದು ಸೋಫಾದಲ್ಲಿ ಕುಸಿದರು. "ಗ್ರೀನ್ ಕಾರ್ಡಿಗೆ ಮೂರು ವರ್ಷದಿಂದ ಕಾಯಿಸ್ತಿದ್ದಾರೆ. ಜೈಲು ಕಣೇ ಇದು, ಜೈಲು!"

"ಹೌದಾ? ಹಾಗಾದರೆ ಸೋಮವಾರದಿಂದ ಟಿಫಿನ್ ಜೊತೆ ಒಂದು ಸೋಪೂ ಇಟ್ಟುಕೊಡಲಾ?"