ಕಮಲಾಪುರದ ಪುಡಿ

ಎಂಬತ್ತರ ದಶಕದ ಕೊನೆ. ಮಗಳಿಗೆ ಏಳು ವರ್ಷ. ಎಲ್ಲೂ ಬೀಳದಿದ್ದರೂ ಅವಳ ಕಾಲ ಮೇಲೆ ನೀಲಿ ಕಲೆಗಳು ಎದ್ದವು, ಆಮೇಲೆ ಮೂಗಿನಿಂದ ರಕ್ತ. ಸೇಡಂ ರಸ್ತೆಯ ದವಾಖಾನೆಯಲ್ಲಿ ಸೊಂಟದ ಎಲುಬಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಎಲುಬಿನೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿದೆ, ಇದಕ್ಕೆ ಅಪ್ಲಾಸ್ಟಿಕ್ ಅನೀಮಿಯ ಅಂತಾರೆ ಎಂದರು ಡಾಕ್ಟರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಲಗೆಯ ಮೇಲೆ ಕೆಂಪು ಕಣ, ಬಿಳಿ ಕಣ ಎಂದು ಬಣ್ಣ ಬಣ್ಣದ ಸೀಮೆಸುಣ್ಣದಿಂದ ಬಿಡಿಸಿ ಮೆರೆದವಳು, ಅಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದೆ.

ತಿಂಗಳುಗಟ್ಟಲೆ ಗುಳಿಗೆ, ವಾರಕ್ಕೊಮ್ಮೆ ರಕ್ತ ಪರೀಕ್ಷೆ, ತೀರ ಇಳಿದಾಗ ಬೇರೆಯವರ ರಕ್ತ ಏರಿಸುವುದು. ಇಷ್ಟು ಅವರ ದಾರಿ.

"ಆರಾಮಾಗ್ತದಂತ ಖಾತ್ರಿ ಕೊಡ್ತೀರೇನ್ರಿ?" ಎಂದು ಕೇಳಿದೆ.

"ಖಾತ್ರಿ ಯಾರೂ ಕೊಡಂಗಿಲ್ರಿ. ಆಗಬಹುದು, ಆಗದೇನೂ ಇರಬಹುದು."

ಆ ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗಂಡ ಬೀದರಿನಲ್ಲಿ ನೌಕರಿಯಲ್ಲಿದ್ದ, ಭಾನುವಾರವಷ್ಟೇ ಮನೆಗೆ. "ನೀ ಓದಿದಾಕಿ, ನೀನಽ ನೋಡು" ಎಂದು ಕೈ ತೊಳೆದುಕೊಂಡ. ಎರಡು ತಿಂಗಳು ಗುಳಿಗೆ ನುಂಗಿಸಿದೆ. ಮಗಳ ಮುಖ ಊದಿಕೊಂಡಿತು, ಗುರುತೇ ಸಿಗದ ಹಾಗೆ. ಪ್ರತಿ ಸೋಮವಾರ ಸೂಜಿ ಕಂಡ ಕೂಡಲೇ ನನ್ನ ಸೆರಗು ಕಚ್ಚಿ ಅಳುತ್ತಿದ್ದಳು. ರಕ್ತ ಮಾತ್ರ ಏರಲಿಲ್ಲ.

ಆಗ ಸ್ಟಾಫ್ ರೂಮಿನಲ್ಲಿ ಯಾರೋ ಕಮಲಾಪುರದ ವೈದ್ಯರ ಸುದ್ದಿ ಹೇಳಿದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಗಳನ್ನು ಬಸ್ಸು ಹತ್ತಿಸಿದೆ. ವೈದ್ಯರು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನಾಡಿ ಹಿಡಿದರು. ಅವರ ಕೈಯಲ್ಲಿ ಸೂಜಿ ಇರಲಿಲ್ಲ. ಮಗಳು ಅಳಲಿಲ್ಲ. ನಾನು ಅರ್ಧ ಅಲ್ಲೇ ಸೋತುಹೋದೆ.

"ನಲವತ್ತು ದಿನ ಪುಡಿ ಕೊಡ್ರಿ. ಆದ್ರ ಎರಡೂ ಕೂಡಿಸಬ್ಯಾಡ್ರಿ ಬಾಯಾರ. ದವಾಖಾನಿ ಗುಳಗಿ ನಡಸ್ತೀರಿ ಅಂದ್ರ ಇದನ್ನ ಒಯ್ಯಬ್ಯಾಡ್ರಿ. ಯಾವುದರ ಒಂದು ಹಿಡೀರಿ."

ನಾನು ಪುಡಿ ಹಿಡಿದೆ.

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ. ಅವರು ಶಾಲೆ ಕಂಡವರಲ್ಲ. ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟರೆ ನೈವೇದ್ಯ ಆಗುವವರೆಗೆ ಮೊಮ್ಮಗಳನ್ನೂ ಮುಟ್ಟುತ್ತಿರಲಿಲ್ಲ. ಇಂಥವರು ಪುಡಿಯ ಕಡೆ, ನಾನು ಗುಳಿಗೆಯ ಕಡೆ ಇರಬೇಕಿತ್ತಲ್ಲವೇ? ನಮ್ಮಲ್ಲಿ ಎಲ್ಲ ಉಲ್ಟಾ.

"ದವಾಖಾನಿ ಬಿಡಬ್ಯಾಡವಾ. ಆ ಡಾಕ್ಟರ್ ತನಗ ಗೊತ್ತಿಲ್ಲದ್ದು ಗೊತ್ತಿಲ್ಲ ಅಂದ. ಅಂಥವರ ಮ್ಯಾಲ ಭರವಸಿ ಇಡಬೇಕು" ಎಂದರು.

"ನಿಮಗೇನು ತಿಳೀತದರೀ ಅತ್ಯಾ" ಎಂದುಬಿಟ್ಟೆ.

ಗುಳಿಗೆ ನಿಲ್ಲಿಸಿದೆ, ಸೋಮವಾರದ ಪರೀಕ್ಷೆಯನ್ನೂ ನಿಲ್ಲಿಸಿದೆ. ಮುಟ್ಟಿದರೆ ಎಲ್ಲಿ ಇನ್ನೊಂದು ನೀಲಿ ಕಲೆ ಏಳುತ್ತದೋ ಎಂಬ ಹೆದರಿಕೆಯಲ್ಲಿ ಮಗಳನ್ನು ಮುಟ್ಟುವುದನ್ನೂ ಕಡಿಮೆ ಮಾಡಿದ್ದೆ. ದೂರದಿಂದಲೇ ಅವಳ ಬಣ್ಣ ನೋಡುತ್ತಿದ್ದೆ. ಮೂರನೇ ವಾರದ ಒಂದು ಬೆಳಿಗ್ಗೆ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಕೆಂಪಗಿತ್ತು! ತಿಂಗಳುಗಳಿಂದ ಸುಣ್ಣದಂತೆ ಬೆಳ್ಳಗಿದ್ದ ಕೆನ್ನೆ. ಶಾಲೆಗೆ ಹೊರಟಿದ್ದ ನಾನು ಕುಣಿಯುವುದೊಂದು ಬಾಕಿ.

"ನೋಡ್ರಿ ಅತ್ಯಾ, ಗಲ್ಲ ಹೆಂಗ ಕೆಂಪಾಗ್ಯಾವ! ರಕ್ತ ಏರ್ಲಿಕತ್ತದ!"

ಅತ್ತೆ ದೇವರ ಮುಂದಿನಿಂದ ತಿರುಗಿ ನೋಡಿದರು. ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, ಮಡಿಯಲ್ಲೇ ಬಂದು ಮಗಳ ಕುತ್ತಿಗೆ ಮುಟ್ಟಿದರು.

"ರಕ್ತ ಅಲ್ಲವಾ ಇದು, ಜ್ವರ. ಮೈ ಸುಡ್ಲಿಕತ್ತದ. ಆಟೋ ಕರಿ."

ನಾನು ಓಡಿಹೋಗಿ ಆಟೋ ತಂದೆ. ಅವರೇ ಮಗಳನ್ನು ಎತ್ತಿಕೊಂಡರು. ಜಗತ್ ಸರ್ಕಲ್ಲಿನ ಗದ್ದಲದಲ್ಲಿ ಆಟೋ ಸಿಕ್ಕಿಕೊಂಡಾಗ ಮಗಳು ಕಣ್ಣು ಮುಚ್ಚಿದಳು. ಕರೆದರೆ ಓಗೊಡಲಿಲ್ಲ. ಅತ್ತೆ ಅವಳ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದರು, ದವಾಖಾನೆ ಬರುವವರೆಗೂ.

ಮೈಗೆ ಸೋಂಕು ಹತ್ತಿದೆ, ಅದನ್ನು ತಡೆಯುವ ಬಿಳಿ ಕಣಗಳೇ ಉಳಿದಿಲ್ಲ ಎಂದರು ಡಾಕ್ಟರು. ಸಲೈನು ಹಚ್ಚಿಸಿ ಹೊರಗೆ ಬಂದವರೇ ಕೇಳಿದರು:

"ಗುಳಗಿ ಬಿಡಿಸಿದವರು ಯಾರ್ರಿ?"

"ಮನ್ಯಾಗ ಹಿರೇರು..." ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಅಷ್ಟೇ ಸಾಕಾಯಿತು. ಅವರು ಕೈಗಡಿಯಾರ ಕಟ್ಟಿದ ನನ್ನನ್ನು ನೋಡಿದರು, ಮಡಿಸೀರೆಯ ಅತ್ತೆಯನ್ನು ನೋಡಿದರು.

"ಅಜ್ಜೀ, ನಿಮ್ಮ ಮಡಿ, ನಿಮ್ಮ ಗಾವಠಿ ಔಷಧ, ಇದರಾಗ ಕೂಸು ಹೋಗ್ತಿತ್ತು, ತಿಳೀತೇನು? ಓದಿದ ಸೊಸಿ ಮಾತರ ಕೇಳಬಾರದೇನ್ರಿ?"

ಅತ್ತೆ ಓಣಿಯಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಹೆಂಗಸು. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರಿಗೆ ಕೈ ಮುಗಿದರು.

"ತಪ್ಪಾತ್ರೀಯಪ್ಪಾ. ನೀವು ಕೂಸಿನ್ನ ನೋಡ್ರಿ."

ಮಗಳು ಉಳಿದಳು. ಗುಳಿಗೆ ಮತ್ತೆ ಶುರುವಾಯಿತು, ಎರಡು ವರ್ಷ ನಡೆಯಿತು, ರಕ್ತ ನಿಧಾನವಾಗಿ ಏರಿತು. ಅತ್ತೆ ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವರ ಕೋಣೆಗೆ ಹೋಗಿ, "ಚಹಾ ಮಾಡ್ಲೇನ್ರಿ" ಎಂದು ಕೇಳಿ ವಾಪಸು ಬಂದಿದ್ದೇನೆ. ನಾನು ಹೇಡಿ. ಅವರು ತೀರಿಕೊಂಡರು.

ಹಲವು ವರ್ಷಗಳ ಮೇಲೆ ಮಗಳ ಮದುವೆಯ ಮಾತುಕತೆ ನಡೆದಾಗ ಗಂಡಿನ ತಾಯಿ ಅವಳ ಹಳೆಯ ಕಾಯಿಲೆಯ ಬಗ್ಗೆ ಕೇಳಿದರು. ಮಗಳು ಮುಚ್ಚಿಡದೆ ಎಲ್ಲ ಹೇಳಿದಳು.

"ನಮ್ಮ ಅಜ್ಜಿಗೆ ನನ್ನ ಮ್ಯಾಲ ಭಾಳ ಪ್ರೀತಿ ಇತ್ರಿ. ಆದ್ರ ಪಾಪ, ಅಡಾಣಿ, ಓದು ಬರಹ ಇಲ್ಲದಾಕಿ. ನನಗ ಸರಿ ನೆನಪಿಲ್ಲ, ಎಲ್ಲಿಂದೋ ಪುಡಿ ತಂದು ಕೊಟ್ಟಿದ್ಲಂತ. ಅವ್ವ ಓದಿದಾಕಿ ಅಂತ ನಾ ಉಳದೀನಿ."

ಬೀಗರು ಮೆಚ್ಚುಗೆಯಿಂದ ನನ್ನ ಕಡೆ ನೋಡಿದರು. ನಾನು ಅವಲಕ್ಕಿಯ ತಟ್ಟೆಯನ್ನು ಅವರ ಮುಂದೆ ಸರಿಸಿ, "ತಗೋರಿ" ಎಂದೆ.