ಹೊಳೆಯಾಚೆಯವರ ವೀಳ್ಯ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಇದ್ದರೆ ಇರಲಿ. ಸಿಡುಕನಾದರೂ ನಾನು ಉಪಕಾರ ಮರೆತವನಲ್ಲ. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ನೆಲೆಸಿದ ನಮ್ಮ ಕನ್ನಡದ ಜನ ನನ್ನನ್ನು ಕುಲದಿಂದ ಹೊರಗೆ ಹಾಕಲು ಕೂತವರು, ಕೊನೆಗೆ ಹೇಗೆ ಉಳಿಸಿಕೊಂಡರು ಎಂಬುದನ್ನು ಬರೆದಿಡದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಬೆಟ್ಟದ ಮೇಲೆ ಪೆರಿಯಾರ್ ಹೊಳೆಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ಉತ್ತಮಪಾಳಯದಲ್ಲಿ ಬಾಳೆತೋಟದ ಪಕ್ಕದ ಬಂಗಲೆಯಲ್ಲಿ ಒಬ್ಬ ಮುದಿ ಬಿಳಿಯ ದೊರೆ ಬಾಡಿಗೆಗಿದ್ದ. ಆಯಸ್ಸೆಲ್ಲ ದಂಡಿನಲ್ಲಿ ಕಳೆದವನು, ಕಣ್ಣು ಮಂಜಾಗಿತ್ತು. ದಿಂಡಿಗಲ್ಲಿನ ಪಾದ್ರಿಗಳ ಶಾಲೆಯಲ್ಲಿ ನಾನು ಇಂಗ್ಲಿಷು ಕಲಿತಿದ್ದೆ. ಹನುಮಂತನಪಟ್ಟಿಯಿಂದ ದಿನಾ ನಡೆದು ಹೋಗಿ ಅವನಿಗೆ ಓದಿ ಹೇಳುವುದು, ಅವನು ಹೇಳಿದ್ದನ್ನು ಬರೆಯುವುದು ನನ್ನ ಕೆಲಸ.

ಓದಬೇಕಾದ್ದು ಒಂದೇ ಪುಸ್ತಕ. ಅಮೆರಿಕೆಯಲ್ಲಿ ಹುಟ್ಟಿದ ಮಾರ್ಮನ್ ಎಂಬ ಮತದವರ ಶಾಸ್ತ್ರ. ದೊರೆಯ ಅಣ್ಣ ಆ ಮತಕ್ಕೆ ಸೇರಿ, ಕಡಲು ದಾಟಿ ಹೋಗಿ ಅಲ್ಲೇ ಬೇಸಾಯಕ್ಕೆ ನಿಂತಿದ್ದ. ಅದೇ ಜಗಳವಾಗಿ ಅಣ್ಣತಮ್ಮಂದಿರ ಮಾತು ಬಿದ್ದುಹೋಗಿ ಬಹಳ ಕಾಲವಾಗಿತ್ತು. ಆದರೂ ಅಣ್ಣ ಪುಸ್ತಕ ಕಳಿಸಿದ್ದ. ದೊರೆಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೆ ಅದರ ತುಂಬ ಯುದ್ಧ! ಹಳೇ ಸಿಪಾಯಿ ಸುಮ್ಮನಿದ್ದಾನೆಯೆ? "ದೇವರ ಸಂಗತಿ ಅಣ್ಣನಿಗಿರಲಿ, ಯುದ್ಧದ ಸಂಗತಿ ನನಗೆ ಬಿಡಿ" ಎಂದು ಆ ಯುದ್ಧಗಳ ಮೇಲೆ ದೊಡ್ಡ ಪ್ರಬಂಧ ಬರೆಯಲು ಕೂತ.

ಎಷ್ಟು ಚೆಂದದ ಕೆಲಸವದು! ಊರ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಮೇಲೆ ಮರದ ಬೇಲಿ ನೆಟ್ಟವರ ಬಗ್ಗೆ ಓದಿದ ದಿನ, ನಾವಿಬ್ಬರೂ ಅಂಗಳಕ್ಕಿಳಿದು ಮರಳಿನಲ್ಲಿ ಕೋಟೆ ಕಟ್ಟಿ ನೋಡಿದೆವು. ಇನ್ನು ಕೊಲ್ಲುವುದಿಲ್ಲವೆಂದು ಕತ್ತಿಗಳನ್ನು ಮಣ್ಣಲ್ಲಿ ಹೂತು, ಶತ್ರುವಿನ ಮುಂದೆ ಬರಿಗೈಯಲ್ಲಿ ಮಲಗಿದವರ ಭಾಗ ಬಂದಾಗ ದೊರೆ ಎದ್ದು ನಿಂತು ಕೇಳಿದ. ಪುಸ್ತಕವನ್ನು ಅನುಮಾನಿಸುತ್ತಲೇ ಗೌರವಿಸುವುದನ್ನು ನಾನು ಕಲಿತದ್ದು ಅವನಿಂದ.

ಕಣ್ಣು ಉರಿಯುತ್ತದೆಂದು ದೊರೆ ರೆಪ್ಪೆ ಮುಚ್ಚಿ, ಕೈಕಟ್ಟಿ ಕೂರುತ್ತಿದ್ದ. ನಾನು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಮಜ್ಜಿಗೆ ಮಾರಲು ಬಂದ ನಮ್ಮೂರ ಹೆಂಗಸೊಬ್ಬಳು ಇದನ್ನು ನೋಡಿದಳು. ಇನ್ನೇನು ಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಸಂಜೆಯೊಳಗೆ ನಾನು ದೊರೆಯ ಜೊತೆ ಜಪ ಮಾಡಿದ್ದೆ. ಮಾರನೆಯ ದಿನ ಮತಕ್ಕೆ ಸೇರಿದ್ದೆ. ಅದರ ಮಾರನೆಯ ದಿನ ದನದ ಮಾಂಸವನ್ನೂ ತಿಂದಿದ್ದೆ!

ಕುಲದ ಕೂಟ ಕರೆದರು. ತೀರ್ಪು ನನ್ನ ಮೇಲೆ ಬಿದ್ದರೆ ಯಾರೂ ನಮ್ಮ ಮನೆಗೆ ಬೆಂಕಿ, ನೀರು ಕೊಡುವಂತಿಲ್ಲ. ಗಂಡ ಸತ್ತು ನನ್ನೊಬ್ಬನನ್ನೇ ನಂಬಿದ್ದ ಅವ್ವ ಬೀದಿಪಾಲು. ನಮ್ಮಲ್ಲಿ ಅತ್ತೆಯ ಮಗಳು ಹುಟ್ಟಿದಾಗಲೇ ಸೋದರಮಾವನ ಮಗನಿಗೆ ಎಂದು ಲೆಕ್ಕ. ಆ ಹುಡುಗಿಯನ್ನೂ ನನಗೆ ಕೊಡುವುದಿಲ್ಲ. ಹೊರಗೆ ಹುಲಿಯ ಹಾಗೆ ಗುರುಗುಟ್ಟುತ್ತಿದ್ದೆ, ಒಳಗೆ ಇಲಿಯಾಗಿದ್ದೆ.

ಕಂಬಂನಲ್ಲಿ ನಮ್ಮ ಕುಲದ ದೇವರ ದನಗಳ ದೊಡ್ಡಿಯ ಮುಂದೆ ಎಲ್ಲರೂ ಕೂತರು. ನಡುವೆ ಊರಗೌಡ. ವರಸೆಯಲ್ಲಿ ನನಗೆ ದೊಡ್ಡಯ್ಯ. ಮಾತು ಕಡಿಮೆ, ಮೀಸೆ ಜಾಸ್ತಿ.

"ಏನ್ಲಾ ಓದ್ದೆ ಅಲ್ಲಿ? ಒಂದೂ ಬಿಡ್ದೆ ಯೋಳು" ಎಂದ.

ಆ ವಾರವಷ್ಟೇ ಬರೆದು ಮುಗಿಸಿದ್ದ ಭಾಗವೇ ಬಾಯಿಗೆ ಬಂತು. ಪರರಾಜನ ಕೈಯಲ್ಲಿ ಸಿಕ್ಕಿಬಿದ್ದ ಒಂದು ಜನ. ಕತ್ತಿ ಹಿಡಿದು ಸೋತು, ಮತ್ತೆ ಹಿಡಿದು ಮತ್ತೆ ಸೋತು, ಕೊನೆಗೆ ಕಾವಲುಗಾರರಿಗೆ ಹೆಂಡ ಕುಡಿಸಿ ಮಲಗಿಸಿ, ಹೆಂಡತಿ ಮಕ್ಕಳು ದನಕರುಗಳನ್ನು ಕಟ್ಟಿಕೊಂಡು ಓಡಿದವರು.

ಕೂಟದಲ್ಲಿ ತಲೆಗಳು ಎದ್ದವು.

"ದನಾನೂ ಹೊಡ್ಕೊಂಡು ಬಂದ್ರಾ?" ಹಿಂದಿನಿಂದ ಒಬ್ಬ ಮುದುಕ ಕೇಳಿದ.

"ಹೂಂ ತಾತ, ಎಲ್ಲಾನೂ."

"ಕರೂನೂ ಬಿಡ್ಲಿಲ್ವಾ? ಶಭಾಸ್! ಹಿಂದೆ ರಾಜನ ದಂಡು ಬಂತಾ?"

"ಬಂತು. ಕಾಡಲ್ಲಿ ದಾರಿ ತಪ್ಪಿ ಅಲೀತು."

ಮುದುಕ ಎದ್ದೇ ನಿಂತ. "ಹೊಳೆ ಹತ್ರ ಹೊಂಗೇಮರ ಬಗ್ತಾ?"

ಆಗ ನನಗೆ ತಿಳಿಯಿತು. ನಮ್ಮ ಹಿರಿಯರೂ ಬಡಗಣ ಸೀಮೆಯ ಒಬ್ಬ ರಾಜನ ಕಾಟ ತಾಳದೆ ದನ ಹೊಡೆದುಕೊಂಡು ಓಡಿಬಂದವರು. ತುಂಬಿದ ಹೊಳೆಗೆ ಹೊಂಗೆಮರಗಳು ಬಗ್ಗಿ ಸೇತುವೆಯಾದವು, ಅರ್ಧ ಜನ ದಾಟುವಷ್ಟರಲ್ಲಿ ಮರಗಳು ಎದ್ದು ನಿಂತವು, ಉಳಿದವರು ಆಚೆ ದಡದಲ್ಲೇ ಉಳಿದರು ಎಂದು ನಮ್ಮ ಕತೆ. ಅವರೇನಾದರೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಮ್ಮ ಪ್ರತಿ ಮದುವೆಯಲ್ಲೂ ಮೊದಲ ವೀಳ್ಯ ಹೊಳೆಯಾಚೆಯವರಿಗೆ. ಅವರ ಹೆಸರಲ್ಲಿ ತೆಗೆದಿಟ್ಟು, ಕೊನೆಗೆ ಕಾಲುವೆಯ ನೀರಿಗೆ ಬಿಡುತ್ತೇವೆ.

"ಇಲ್ಲ ತಾತ, ಮರ ಬಗ್ಲಿಲ್ಲ. ಇವರ ಹಿಂದಿನೋರು ಹಡಗು ಹತ್ತಿ ಕಡಲು ದಾಟಿದೋರು" ಎಂದೆ.

"ಅದೇ ಮತ್ತೆ! ಮರ ಬಗ್ಲಿಲ್ಲ, ಅದ್ಕೇ ಹಡಗು ಹತ್ತವ್ರೆ! ಅಯ್ಯೋ ಪಾವ, ಎಷ್ಟು ದೂರ ಹೋದ್ರೋ!" ಎಂದು ಮುದುಕ ಹೆಗಲ ಮೇಲಿನ ವಸ್ತ್ರಕ್ಕೆ ಕಣ್ಣೊತ್ತಿಕೊಂಡ. ಪಕ್ಕದವರೂ ಒತ್ತಿಕೊಂಡರು. ನನ್ನ ಮೇಲೆ ಚಾಡಿ ಹೇಳಿದ ಮಜ್ಜಿಗೆಯವಳಂತೂ ಹೋ ಎಂದು ಅತ್ತಳು.

ಸುಮ್ಮನಿದ್ದರೆ ನನ್ನ ತಲೆ ಉಳಿಯುತ್ತಿತ್ತು. ಆದರೆ ಸುಳ್ಳಿನ ಆಸರೆ ನನಗೆ ಆಗದು. "ಅವ್ರು ನಮ್ಮೋರಲ್ಲ! ಬೇರೆ ದೇಶ, ಬೇರೆ ಕುಲ, ಬೇರೆ ದೇವ್ರು! ನಿಮಗೇನು ತಲೆ ಕೆಟ್ಟಿದ್ಯಾ?" ಎಂದು ಕೂಗಿದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ದೊಡ್ಡಯ್ಯ ಕೈ ಎತ್ತಿದ. "ಸುಮ್ಕಿರ್ಲಾ. ಓದ್ದೋನು ನೀನು, ಶರಿ. ಆದ್ರೆ ಬಿಟ್ಟು ಬಂದೋರು ನಾವು. ಎಲ್ಲೋ ಯಾರೋ ದನ ಹೊಡ್ಕೊಂಡು ಓಡುದ್ರು ಅಂದ್ರೆ ನಮ್ಗೆ ಕೇಳ್ದೆ ಇರಕ್ಕಾಯ್ತದಾ?" ಆಮೇಲೆ ಕೂಟದ ಕಡೆ ತಿರುಗಿ, "ನೆಂಟ್ರ ಸುದ್ದಿ ಓದೋದು ಕುಲ ಕೆಡ್ಸೋ ಕೆಲ್ಸ ಅಲ್ಲ. ಎದ್ದೇಳ್ರಪ್ಪಾ" ಎಂದ.

ಅಷ್ಟೇ ತೀರ್ಪು. ಅತ್ತೆ ಬಂದು ನನ್ನ ತಲೆಗೊಂದು ಮೊಟಕಿ, "ಬಾಯಿ ನೋಡು ಬಾಯಿ! ಬಾರ್ಲಾ, ಉಣ್ಣುವಂತೆ" ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಊಟದ ಎಲೆಯ ಮುಂದೆ ಕೂತು ನಾನು ಅತ್ತುಬಿಟ್ಟೆ.

ದೊರೆಗೆ ಈ ಕತೆ ಹೇಳಿದಾಗ ಮೊದಲು ಹೊಟ್ಟೆ ಹಿಡಿದು ನಕ್ಕ. ದೊಡ್ಡಯ್ಯನ ಮಾತು ಬಂದಾಗ ನಗು ನಿಂತಿತು. "ಬಿಟ್ಟು ಬಂದವರು ನಾವು ಅಂದನೆ? ಇನ್ನೊಂದು ಸಲ ಹೇಳು" ಎಂದ. ಹೇಳಿದೆ.

ಮುಂದಿನ ಬೆಳೆ ಮನೆಗೆ ಬಂದಾಗ ಅತ್ತೆಯ ಮಗಳ ಜೊತೆ ನನ್ನ ಮದುವೆಯಾಯಿತು. ಮೊದಲ ವೀಳ್ಯವನ್ನು ದೊಡ್ಡಯ್ಯ ಕಾಲುವೆಗೆ ಕಳಿಸಲಿಲ್ಲ. ಎರಡೆಲೆ, ಒಂದು ಇಡೀ ಅಡಿಕೆ ತಂದು ನನ್ನ ಅಂಗೈಯಲ್ಲಿಟ್ಟ. "ಇಷ್ಟು ಕಾಲ ನೀರಿಗೆ ಬಿಟ್ಟೋ. ಈಗ ದಾರಿ ಬಲ್ಲೋನು ನೀನಿದ್ದೀಯ. ಮುಟ್ಸು" ಎಂದ. ಮದುವೆಯ ದಿನ ಜಗಳ ಬೇಡವೆಂದು ಹೂಂ ಅಂದೆ.

ನನಗೆ ಗೊತ್ತಿದ್ದ ದಾರಿ ಒಂದೇ. ವೀಳ್ಯವನ್ನು ದೊರೆಯ ಮೇಜಿನ ಮೇಲಿಟ್ಟೆ. ಅವನು ಎಲೆಯನ್ನು ಬೆರಳಲ್ಲಿ ಸವರಿ, "ಇದು ಯಾರಿಗೆ?" ಎಂದು ಕೇಳಿದ.

"ಜೊತೆಯಲ್ಲಿ ಹೊರಟು ಆಚೆ ದಡದಲ್ಲಿ ಉಳಿದವರಿಗೆ, ದೊರೆ."

ಪ್ರಬಂಧ ಆಗಲೇ ಮುಗಿದಿತ್ತು. ಅದನ್ನು ಮದರಾಸಿನ ಪತ್ರಿಕೆಯೊಂದಕ್ಕೆ ಕಳಿಸುವುದೆಂದು ಮಾತಾಗಿತ್ತು. ದೊರೆ ಪ್ರತಿಯ ನಡುವೆ ವೀಳ್ಯವಿಟ್ಟು ಕಟ್ಟಿಸಿ, ಮೇಲೆ ಅಣ್ಣನ ವಿಳಾಸ ಬರೆಸಿದ.

ಜವಾಬು ಬರುವ ಹೊತ್ತಿಗೆ ಅಣೆಕಟ್ಟು ಮುಗಿದು ಬೆಟ್ಟದ ನೀರು ಕಣಿವೆಗೆ ಇಳಿದಿತ್ತು. ಅಣ್ಣ ಯುದ್ಧದ ಬಗ್ಗೆ ಒಂದು ಮಾತೂ ಬರೆದಿರಲಿಲ್ಲ. ಎಲೆ ಪುಡಿಯಾಗಿದೆ, ಅಡಿಕೆ ಬಂದು ಮುಟ್ಟಿದೆ, ನಾನು ಚೆನ್ನಾಗಿದ್ದೇನೆ, ಹಸುಗಳು ಈದಿವೆ ಎಂದು ಬರೆದು, ನಿನ್ನ ಕಣ್ಣು ಹೇಗಿದೆ ಎಂದು ಕೇಳಿದ್ದ. ದೊರೆ ಅದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದ.

ದೊಡ್ಡಯ್ಯ ಆಗ ಹಾಸಿಗೆ ಹಿಡಿದಿದ್ದ. ಮಂಚದ ಹತ್ತಿರ ಹೋಗಿ ಕೂತೆ.

"ಮುಟ್ತಾ?" ಎಂದ.

"ಮುಟ್ತು, ದೊಡ್ಡಯ್ಯ."

"ಹೆಂಗವ್ರೆ?"

ಅವರು ನಮ್ಮೋರಲ್ಲ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

"ಚೆನ್ನಾಗವ್ರಂತೆ. ಹಸುಗಳೂ ಈದವಂತೆ" ಎಂದೆ.

"ಕರು ಬದುಕಿದವಾ, ಕೇಳು" ಎಂದ.