ಮೊದಲ ಚೀಲದ ಹೆಸರು

ಕೊಳಾರದ ದಾಲ್ ಮಿಲ್ಲಿನ ಸಾವ್ಕಾರರ ಷರತ್ತು ಒಂದೇ. ಗಾಂಧಿ ಗಂಜಿನ ಧಾನ್ಯಪೇಟೆಯಿಂದ ಬಂದ ತೊಗರಿಯಲ್ಲಿ ಯಾವ ಚೀಲ ಹಗುರ ಎಂದು, ಲಾರಿ ಖಾಲಿಯಾಗುವುದರೊಳಗೆ ನನ್ನ ಪ್ರೋಗ್ರಾಂ ತೋರಿಸಬೇಕು. ತೋರಿಸಿದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಮಡಚಿ ನಾನು ಭಾಲ್ಕಿಯ ಬಸ್ಸು ಹತ್ತಬೇಕು. ಕಂಪ್ಯೂಟರ್ ರಿಪೇರಿ ಮಾಡುತ್ತ, ಅವರಿವರನ್ನು ಕೇಳಿ ಪ್ರೋಗ್ರಾಂ ಬರೆಯಲು ಕಲಿತ ನನಗೆ ಅವರೇ ಮೊದಲ ಗಿರಾಕಿ.

ಕೆಲಸ ಸಣ್ಣದು. ಗಂಜಿನಲ್ಲಿ ತೂಕ ಮಾಡುವ ಔರಾದ ಕಡೆಯ ಹಿರಿಯರೊಬ್ಬರು ಸಾಲಿಗೊಂದರಂತೆ ಚೀಲದ ನಂಬರು, ಪಕ್ಕದಲ್ಲಿ ತೂಕ ಬರೆದು ಟೆಕ್ಸ್ಟ್ ಫೈಲು ಕಳಿಸುತ್ತಾರೆ. ಪ್ರೋಗ್ರಾಂ ಅದನ್ನು ಓದಿ ಒಂದೊಂದು ಸಂಖ್ಯೆಯನ್ನೂ ಅರೇ ಎಂಬ ಗೂಡುಗಳ ಸಾಲಿನಲ್ಲಿ ಕ್ರಮವಾಗಿ ಇಡುತ್ತದೆ; ಅದರ ಮೊದಲ ಗೂಡಿನ ನಂಬರು ಸೊನ್ನೆ. ಮನೆಯಲ್ಲಿ ನಾನೇ ಬರೆದ ಫೈಲಿನ ಮೇಲೆ ಹತ್ತು ಸಲ ಓಡಿಸಿ ನೋಡಿದ್ದೆ. ಈ ಜಾಣತನವನ್ನು ನೀವು ಮಾಡಬೇಡಿ.

ಮಿಲ್ಲಿನಲ್ಲಿ ಅದು ಮೊದಲ ಸಾಲಿಗೇ ನಿಂತಿತು. ಗೂಡುಗಳೆಲ್ಲ ಖಾಲಿ. ಹಮಾಲರು ಆಗಲೇ ಅರ್ಧ ಲಾರಿ ಇಳಿಸಿದ್ದರು. ಸಾವ್ಕಾರರು ಚಹಾ ಹೀರುತ್ತ, ಎಣಿಸಲು ಬಾರದ್ದನ್ನು ಎಣಿಸಲು ತಂದಿದ್ದೀಯಲ್ಲ ಎಂದು ಕಿಚಾಯಿಸಿದರು. ಬೆವರೊರೆಸಿಕೊಂಡು ಫೈಲು ತೆರೆದೆ. ಎರಡನೆಯ ಸಾಲಿನಿಂದ ೨, ೩, ೪ ಎಲ್ಲ ಸರಿಯಾಗಿದ್ದವು. ಮೊದಲ ಸಾಲಿನಲ್ಲಿ ಒಂದರ ಜಾಗದಲ್ಲಿ ‘ಲಾಭ’ ಎಂದಿತ್ತು.

ನಮ್ಮ ಕಡೆ ಧಾನ್ಯ ಅಳೆಯುವವರು ಒಂದು ಎನ್ನುವುದಿಲ್ಲ. ಶುಭವಾಗಲೆಂದು ‘ಲಾಭ’ದಿಂದ ಶುರುಮಾಡಿ ಎರಡಕ್ಕೆ ಬರುತ್ತಾರೆ. ನನ್ನ ಅವ್ವ ಜೋಳ ಅಳೆಯುವುದೂ ಹಾಗೆಯೇ. ಗೊತ್ತಿದ್ದೂ ಮರೆತಿದ್ದೆ.

ಹಿರಿಯರಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. “ಕಾಕಾ, ಮೊದಲನೇ ಚೀಲಕ್ಕ ಒಂದು ಅಂತ ಹಾಕ್ರಿ, ಮಿಷನ್ನಿಗಿ ತಿಳೀವಲ್ದು.”

“ಹಂಗ ಬರಿಯೂದಿಲ್ಲ ತಮ್ಮಾ. ನಿನ್ನ ಮಿಷನ್ ಮೊದಲನೇದಕ್ಕ ಏನಂತದ?”

ನಾನು ಸುಳ್ಳು ಹೇಳಲಿಲ್ಲ. “ಅದು ಸೊನ್ನಿಯಿಂದ ಎಣಸ್ತದರಿ.”

“ತುಂಬಿದ ಚೀಲಕ್ಕ ಸೊನ್ನಿ ಅಂತದ? ಅದಕ್ಕ ನೀ ಬುದ್ಧಿ ಹೇಳು, ನನಗಲ್ಲ.”

ಸಾವ್ಕಾರರು ನಕ್ಕ ನಗೆಗೆ ಚಹಾ ಚೆಲ್ಲಿತು. ಚೌಕಾಸಿಯಲ್ಲಿ ಎದುರಿನವನು ಎಲ್ಲಿ ಜಗ್ಗುವುದಿಲ್ಲ ಎಂದು ಗೊತ್ತಾದ ಕೂಡಲೇ ನಾವು ಜಗ್ಗಬೇಕು, ತಡಮಾಡಿದರೆ ನಷ್ಟ. ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದೆ: ಲಾಭ ಎಂದು ಕಂಡರೆ ಒಂದು ಎಂದು ತಿಳಿ. ಮತ್ತೆ ಓಡಿಸಿದೆ. ಗೂಡುಗಳು ತುಂಬಿದವು, ಹದಿನೇಳನೆಯ ಚೀಲ ಹಗುರ ಎಂದು ತೆರೆ ತೋರಿಸಿತು. ಲಾರಿಯಲ್ಲಿ ಇನ್ನೂ ಆರು ಚೀಲ ಉಳಿದಿದ್ದವು. ಸಾವ್ಕಾರರು ಹದಿನೇಳನೆಯದನ್ನು ತೂಕದ ಕಾಟಾದ ಮೇಲೆ ಇಡಿಸಿ, ಮುಳ್ಳು ನೋಡಿ, ನನಗೂ ಒಂದು ಚಹಾ ಹೇಳಿದರು.

ಪ್ರೋಗ್ರಾಂ ಬರೆಯುವ ಮೊದಲು ಫೈಲು ಬರೆಯುವವರ ಪಕ್ಕದಲ್ಲಿ ಒಂದು ದಿನ ಕುಳಿತುಕೊಳ್ಳಿ. ನಾನೀಗ ಹಾಗೆಯೇ ಮಾಡುತ್ತೇನೆ. ಕಾಕಾರ ಫೈಲು ಇವತ್ತೂ ಲಾಭದಿಂದಲೇ ಶುರುವಾಗುತ್ತದೆ, ಮಿಷನ್ನು ತಕರಾರು ಮಾಡುವುದಿಲ್ಲ.